ವಲ್ಲಿ ಹೊದ್ದ ತರಕರಡಿ

ಇಂಗ್ಲಿಷಿನವರ ತರಕರಡಿ ಕನ್ನಡಕ ಹಾಕಿಕೊಂಡು ಪಾಠ ಹೇಳುತ್ತದೆ. ನಮ್ಮದು ಗೋರಿ ಅಗೆದು ಹೆಣ ತಿನ್ನುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ನನ್ನ ಗಮನಕ್ಕೆ ಬಂದದ್ದು ಹೊಸಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ, ಮೂರನೇ ಕ್ಲಾಸಿನ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಾಗ.

ಅದು ಕಬ್ಬಿಣದ ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿಕೊಂಡು ಚೀನಾಕ್ಕೆ ಹೊರಟಿದ್ದವು. ನಮ್ಮ ಶಾಲೆಯೂ ಆ ಧೂಳಿನಲ್ಲೇ ಹುಟ್ಟಿದ್ದು. ಮಾಲೀಕರು ಮೊದಲು ಲಾರಿ ಕೊಂಡರು, ಆಮೇಲೆ ಶಾಲೆ ಕಟ್ಟಿಸಿದರು. ಯೂನಿಫಾರ್ಮಿಗೆ ಬಿಳಿ ಬಣ್ಣ ಆರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಬೆಳಿಗ್ಗೆ ಮಲ್ಲಿಗೆಯ ಹಾಗೆ ಬಂದ ಮಕ್ಕಳು ಸಂಜೆ ಇಟ್ಟಿಗೆಯ ಹಾಗೆ ಮನೆಗೆ ಹೋಗುತ್ತಿದ್ದವು.

ಇಂಗ್ಲಿಷ್ ಪುಸ್ತಕದಲ್ಲಿ ಒಂದು ಕಥೆ ಇತ್ತು. ಅದರಲ್ಲಿ ಬ್ಯಾಡ್ಜರ್ ಎಂಬ ಮುದುಕ. ಮಣ್ಣಿನಡಿ ಅವನ ಮನೆ, ಮೂಗಿನ ಮೇಲೆ ಕನ್ನಡಕ. ಕಾಡಿನ ಮರಿಗಳಿಗೆಲ್ಲ ಅಕ್ಷರ ಕಲಿಸುತ್ತಾನೆ, ನೆಗಡಿಯಾದವರಿಗೆ ಕಷಾಯ ಕೊಡುತ್ತಾನೆ. ಬ್ಯಾಡ್ಜರ್ ಅಂದರೆ ಯಾರು ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ತಟ್ಟನೆ ಎದ್ದು, “ಬ್ಯಾಡ್ಜ್ ಹಾಕ್ಕೊಂಡವ್ರು ಮಿಸ್. ಕ್ಲಾಸ್ ಲೀಡರ್!” ಎಂದಳು. ಉಳಿದವರು ಹೌದ್ಹೌದು ಎಂದರು. ನಾನು ನಕ್ಕು, ಅಲ್ಲ, ಅದೊಂದು ಪ್ರಾಣಿ, ನಮ್ಮ ಕಡೆಯ ತರಕರಡಿ ಅದರ ದಾಯಾದಿ ಎಂದು ಹೇಳಿದೆ. ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ತರಕರಡಿ ಅಂದಮೇಲೆ ನನ್ನ ಬಾಯಿ ನಿಲ್ಲುವುದಿಲ್ಲ. ನಾನು ಬೆಳೆದದ್ದೇ ಅದರ ಕಥೆ ಕೇಳುತ್ತ. ನಮ್ಮಜ್ಜಿಯ ಕಥೆಯನ್ನು ಅಡಿಯಿಂದ ಮುಡಿಯವರೆಗೆ ಹೇಳಿಬಿಟ್ಟೆ.

ಅಜ್ಜಿಯ ಕಥೆ ಇಷ್ಟು. ತರಕರಡಿ ಗುಡ್ಡದಲ್ಲಿರುತ್ತಾನೆ. ಬೆನ್ನ ಮೇಲೆ ಬಿಳಿ ಕೂದಲು, ಹೊಟ್ಟೆ ಕರ್ರಗೆ. ದೂರದಿಂದ ನೋಡಿದರೆ ಹೆಗಲ ಮೇಲೆ ಬಿಳಿ ವಲ್ಲಿ ಹೊದ್ದ ಹಿರಿಯರ ಥರ ಕಾಣುತ್ತಾನೆ. ಊರಲ್ಲಿ ಯಾರಾದರೂ ಸತ್ತರೆ ಆ ವಲ್ಲಿಯನ್ನು ಸರಿಮಾಡಿಕೊಂಡು ಬಂದು ಹೆಣದ ಮುಂದೆ ಕೂರುತ್ತಾನೆ. ಬೀಗರಿಗಿಂತ, ಮಕ್ಕಳಿಗಿಂತ ಜೋರಾಗಿ ಅಳುತ್ತಾನೆ. “ಛೇ ಛೇ, ದೇವರಂಥಾ ಮನುಷ್ಯಾ. ಎಲ್ಲಿ ಇಡ್ತೀರಿ? ತೆಗ್ಗು ಎಷ್ಟು ಆಳ ತಗದೀರಿ?” ಎಂದು ಕೇಳುತ್ತಾನೆ. ಎಲ್ಲರೂ ಎಂಥಾ ಒಳ್ಳೆಯವ ಎಂದು ಅವನಿಗೆ ಜಾಗ ತೋರಿಸುತ್ತಾರೆ. ಸತ್ತವನ ಹೆಂಡತಿ ಒಬ್ಬಳು ಮಾತ್ರ ವಲ್ಲಿಯ ಕೆಳಗೆ ಇಣುಕಿದ ಉದ್ದುದ್ದ ಉಗುರು ನೋಡಿಬಿಡುತ್ತಾಳೆ. ಬಾಯಿಬಿಡದೆ ಗೋರಿಯ ಮೇಲೆ ಕಲ್ಲು ಹೇರಿಸಿ, ಅದರ ಮೇಲೆ ಜಾಲಿ ಮುಳ್ಳು ಇಡಿಸುತ್ತಾಳೆ. ಅವನು ಬಂದು, ಕಲ್ಲು ಕೆರೆದು ಕೆರೆದು ಉಗುರು ಮುರಿದುಕೊಂಡು ಹೋಗುತ್ತಾನೆ.

ಮಾರನೇ ದಿನ ಶಾಲೆಯ ಗೇಟಿನಲ್ಲಿ ತಾಯಂದಿರ ಗುಂಪು. ಮಗು ಬೆಚ್ಚಿಬಿದ್ದಿದೆ, ಊಟ ಬಿಟ್ಟಿದೆ, ಬಿಳಿ ಪಂಚೆ ಉಟ್ಟ ಸ್ವಂತ ಅಜ್ಜನ ಉಗುರು ನೋಡಿ ಚೀರಿದೆ! ಹೆಡ್ ಮಾಸ್ತರರು ನನ್ನನ್ನು ಕರೆಸಿ, “ಮಿಸ್ಸಾರ, ಬ್ಯಾಡ್ಜರ್ ಅಂದ್ರ ಬ್ಯಾಡ್ಜರ್ ಅಂತ ಬಿಟ್ಟುಬಿಡ್ರಿ. ಇಂಗ್ಲಿಷಿನಾಗ ಇರೋತನ ಯಾವ ಪ್ರಾಣಿನೂ ಯಾರಿಗೂ ಏನೂ ಮಾಡಂಗಿಲ್ಲ” ಎಂದರು. ನನಗೆ ಸಿಟ್ಟೂ ಬಂತು, ನಗೂ ಬಂತು. ಮುಂದೆ ಹಂಪಿಗೆ ಟ್ರಿಪ್ ಹೋದಾಗ ಅದೇ ಮಕ್ಕಳು ಕಂಬ ಕಂಬಕ್ಕೂ ಓಡಿ, “ಮಿಸ್, ತರಕರಡಿ ಎಲ್ಲೈತ್ರಿ?” ಎಂದು ಹುಡುಕಿದವು. ಆನೆ ಸಿಕ್ಕಿತು, ಕುದುರೆ ಸಿಕ್ಕಿತು, ಮಂಗ ಬೇಕಾದಷ್ಟು. ಅವನು ನನಗಂತೂ ಎಲ್ಲೂ ಕಾಣಲಿಲ್ಲ. ಹೆಣ ತಿನ್ನುವವನನ್ನು ದೇವಸ್ಥಾನದ ಕಂಬದಲ್ಲಿ ಯಾರು ಕೆತ್ತುತ್ತಾರೆ?

ಅಜ್ಜಿ ಇದ್ದದ್ದು ಸಂಡೂರು ಹತ್ತಿರದ ವಡ್ಡು ಎಂಬ ಹಳ್ಳಿಯಲ್ಲಿ, ನನ್ನ ಕಾಕಾನ ಮನೆಯಲ್ಲಿ. ರಜೆ ಬಂತೆಂದರೆ ನಾನು ಅಲ್ಲಿಗೆ ಹೊರಡುತ್ತಿದ್ದೆ. ಅದಿರು ಲಾರಿಗಳ ಸಾಲಿನ ಹಿಂದೆ ಬಸ್ಸು ತೆವಳುತ್ತಿತ್ತು. ಇಳಿಯುವಷ್ಟರಲ್ಲಿ ನನ್ನ ಹುಬ್ಬೂ ಕೆಂಪು. ಆ ಸಲ ಹೋದಾಗ ಅಜ್ಜಿಗೆ ಕನ್ನಡಕದ ಬ್ಯಾಡ್ಜರಿನ ಕಥೆ ಹೇಳಿದೆ. ಅವಳು ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಕನ್ನಡಕ? ಅದಕ್ಕ?”

“ಹೂಂ ಅಜ್ಜಿ. ಮಕ್ಕಳಿಗೆ ಪಾಠಾನೂ ಹೇಳ್ತತಿ.”

“ಹೆಣದ ಜಾಗ ಸರಿಯಾಗಿ ಕಾಣ್ಲಿ ಅಂತ ಹಾಕ್ಕೊಂಡಿರಬೇಕು ಬಿಡು. ನಿಮ್ಮ ಇಂಗ್ಲೀಷಿನವ್ರು ಸುಡ್ತಾರೋ ಹೂಳ್ತಾರೋ?”

“ಹೂಳ್ತಾರ.”

“ಹೂಳೋರು ಅದನ್ನ ನಂಬ್ಯಾರಲ್ಲಾ! ಹುಚ್ಚರು!” ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಅವಳ ನಗುವಿಗೆ ಕಾರಣವಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡುತ್ತೇವೆ. ನಮ್ಮಜ್ಜ ಹೊಲದ ಮೂಲೆಯಲ್ಲಿ ಹಾಗೇ ಕೂತಿದ್ದಾನೆ. ಅವನ ಮೇಲೆ ಅಜ್ಜಿ ಕಥೆಯಲ್ಲಿದ್ದಂತೆಯೇ ಕಲ್ಲು ಹೇರಿಸಿದ್ದಳು. ಅದೇ ಹೊಲದಲ್ಲಿ ಸಿಗುತ್ತಿದ್ದ ಕಲ್ಲು. ಕರ್ರಗೆ, ಗಾತ್ರ ಸಣ್ಣದು, ಎತ್ತಿದರೆ ರಟ್ಟೆ ಬೀಳುವಷ್ಟು ಭಾರ. ತರಕರಡಿಗೆ ಸರಿಸಲಾಗಬಾರದೆಂದೇ ಅವನ್ನು ಆರಿಸಿದ್ದು. ರಾಶಿ ಒಬ್ಬರ ಗೋರಿಗಿಂತ ಅಗಲವಾಗಿತ್ತು. ಕೇಳಿದರೆ, “ಮಗ್ಗುಲಾಗ ನನ್ನ ಜಾಗ. ಈಗ್ಲೇ ಕಲ್ಲಿಟ್ಟು ಹಿಡದೀನಿ” ಎನ್ನುತ್ತಿದ್ದಳು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಅವಳ ಆಸ್ತಿ, ಆಸೆ, ಹಟ ಎಲ್ಲ ಆ ಒಂದು ಸೀಟು.

ಆ ಕರಿ ಕಲ್ಲಿಗೆ ಬೇರೆ ಹೆಸರೂ ಉಂಟೆಂದು ಊರಿಗೆ ಗೊತ್ತಾದದ್ದು ಆಮೇಲೆ. ಅದೇ ಅದಿರು. ಗುಡ್ಡ ಒಡೆಯುವುದೇ ಬೇಡ, ಹೊಲದ ಮೇಲ್ಮಣ್ಣು ಕೆದಕಿದರೆ ಸಾಕು ಎಂದು ಏಜೆಂಟರು ಮನೆಮನೆಗೆ ಬರತೊಡಗಿದರು. ಜೋಳ ಬಿತ್ತುವ ಹೊಲವನ್ನು ಅಗೆಯಲು ಕೊಡುವವರ ಸಾಲು ಬೆಳೆಯಿತು. ಕಾಕಾನೂ ಆ ಸಾಲಿನಲ್ಲಿ ನಿಂತ. ಅಜ್ಜಿ ಬೇಡ ಎನ್ನಲಿಲ್ಲ. ಒಂದೇ ಮಾತು ಹೇಳಿದಳು: “ಹೊಲ ನಿಂದು, ಏನರ ಮಾಡ್ಕೋ. ಆ ಮೂಲಿ ಮುಟ್ಟಬ್ಯಾಡ.”

ನಮ್ಮ ಪಾಲಿನ ಏಜೆಂಟ ಬಂದ ದಿನ ನಾನೂ ಅಲ್ಲೇ ಇದ್ದೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಆ ಕೆಂಪು ಧೂಳಿನಲ್ಲಿ ಇಷ್ಟು ಬೆಳ್ಳಗೆ ಇರುವುದೇ ಒಂದು ವಿದ್ಯೆ. ನೇರ ಬಂದವನೇ ಅಜ್ಜಿಯ ಕಾಲಿಗೆ ಬಿದ್ದ. ಗೋಡೆಯ ಮೇಲಿನ ಅಜ್ಜನ ಫೋಟೋ ನೋಡಿ ಅವನ ಕಣ್ಣು ತುಂಬಿತು. ಕಂಡೇ ಇರದ ಮನುಷ್ಯನಿಗಾಗಿ ಇಷ್ಟು ಬೇಗ ಕಣ್ಣೀರು ತಂದವರನ್ನು ನಾನು ಮತ್ತೆ ನೋಡಿಲ್ಲ.

“ದೇವ್ರಂಥಾ ಮನುಷ್ಯಾರು ಇದ್ರಂತ್ರಿ. ಎಲ್ಲಿ ಇಟ್ಟೀರಿ ಅಜ್ಜಾರನ್ನ? ಮ್ಯಾಲ ಕಲ್ಲು ಭಾಳ ಹೇರೀರೇನು?”

ನಾನು ಅಜ್ಜಿಯ ಮುಖ ನೋಡಿದೆ. ಅವಳ ಕಥೆ ಅಂಗಿ ಪ್ಯಾಂಟು ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿತ್ತು. ಅಜ್ಜಿ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಹೋದಮೇಲೆ ಏನಂದಳು ಗೊತ್ತೇ? “ಉಗುರು ಕತ್ತರಿಸ್ಯಾನ. ಸ್ವಚ್ಛ ಅದಾವು. ಮನುಷ್ಯಾನ ಅದಾನ ಬಿಡು.” ಜೀವಮಾನವೆಲ್ಲ ಹೇಳಿದ ಕಥೆಯಲ್ಲಿದ್ದ ಪರೀಕ್ಷೆ ಅದೊಂದೇ. ಏಜೆಂಟ ಅದರಲ್ಲಿ ಪಾಸಾದ.

ಅಜ್ಜನ ಸಮಾಧಿ ಮುಟ್ಟುವುದಿಲ್ಲ ಎಂದು ಕಾಕಾನಿಗೆ ಕೊಟ್ಟ ಮಾತನ್ನು ಅವನು ಅಕ್ಷರಶಃ ಉಳಿಸಿಕೊಂಡ, ಅದನ್ನು ಹೇಳಲೇಬೇಕು. ಮುಂದಿನ ರಜೆಗೆ ಹೋದಾಗ ಹೊಲವೆಲ್ಲ ಕೆಂಪು ತೆಗ್ಗು. ಮೂಲೆಯಲ್ಲಿ ಅಜ್ಜ ಮಾತ್ರ ಒಂದು ದಿಬ್ಬದ ಮೇಲೆ ಉಳಿದಿದ್ದ, ಬೋಳಾಗಿ. ಕಲ್ಲಿನ ರಾಶಿ ಇರಲಿಲ್ಲ. ಅಷ್ಟು ಒಳ್ಳೆಯ ಅದಿರು ಇಡೀ ಹೊಲದಲ್ಲಿ ಬೇರೆಲ್ಲೂ ಇರಲಿಲ್ಲವಂತೆ. ಆರಿಸಿ ಹೇರಿದ್ದವಳೇ ನಮ್ಮಜ್ಜಿಯಲ್ಲವೇ! ಮಗ್ಗುಲಿನ ಜಾಗವಂತೂ ಆಳದ ಗುಂಡಿಯಾಗಿತ್ತು.

ಅಜ್ಜಿ ಏಜೆಂಟನನ್ನು ಕರೆಸಿದಳು. ಅವನು ಬಂದ, ಅಷ್ಟೇ ಬೆಳ್ಳಗೆ.

“ಸಮಾಧಿ ಮುಟ್ಟಿಲ್ಲಜ್ಜಿ, ನಿಮ್ಮ ಪಾದದಾಣಿ. ಮ್ಯಾಲಿನ ಕಲ್ಲು ಅಷ್ಟ ತಗದೀವಿ. ಕಲ್ಲು ಹೊಲದ್ದಲ್ರೀ?”

“ಮಗ್ಗುಲ ಜಾಗ?”

“ಅಲ್ಲಿ ಯಾರೂ ಇರ್ಲಿಲ್ಲಲ್ರೀ.”

“ಅಲ್ಲಿ ನಾ ಇದ್ದೆ” ಎಂದಳು ಅಜ್ಜಿ.

ಏಜೆಂಟ ನಕ್ಕು ಕಾಕಾನ ಕಡೆ ನೋಡಿದ, ಮುದುಕಿಗೆ ಅರಳುಮರಳು ಎಂಬಂತೆ. ಕಾಕಾ ನಗಲಿಲ್ಲ. ಹೊಸದಾಗಿ ಹಾಕಿಸಿದ್ದ ನೆಲದ ಟೈಲ್ಸ್ ನೋಡುತ್ತ ನಿಂತ. ನನಗೆ ಆ ಬಿಳಿ ಅಂಗಿಯ ಮೇಲೆ ಚಹಾ ಸುರಿಯಬೇಕೆನಿಸಿತು. ಸುರಿಯಲಿಲ್ಲ, ಕನ್ನಡಕದ ಬ್ಯಾಡ್ಜರಿನ ಹಾಗೆ ನಾನೂ ಪಾಠ ಹೇಳುವ ಜಾತಿಯವಳು. ಅವನು ಹೋದಮೇಲೆ ಅಜ್ಜಿ ಬಾಗಿಲಿಂದ ಹೊಲದ ಕಡೆ ಕೈ ತೋರಿಸಿದಳು. ಅಲ್ಲಿ ಮಣ್ಣು ತೆಗೆಯುವ ಮಷಿನ್ ನಿಂತಿತ್ತು, ಬಕೆಟ್ಟಿನ ಚೂಪು ಹಲ್ಲು ನೆಲಕ್ಕೂರಿ. “ಉಗುರು ಅವನ ಕೈಯಾಗ ನೋಡಿದ್ನಲ್ಲ ತಂಗೀ, ಅಲ್ಲಿ ಇಟ್ಟು ಬಂದಿದ್ದ” ಎಂದಳು.

ಅಂದಿನಿಂದ ಅವಳಿಗೆ ಒಂದೇ ಚಿಂತೆ. ಅಜ್ಜ ಬರಿಮೈಯಲ್ಲಿ ಕೂತಿದ್ದಾನೆ, ಕಲ್ಲಿಲ್ಲ. ತರಕರಡಿ ಬಂದೇ ಬರುತ್ತದೆ. ಕಾಕಾ ಜಾಲಿ ಕಡಿದು ತಂದು ಮುಚ್ಚಿದ. ಬೆಳಿಗ್ಗೆ ಎದ್ದರೆ ಚಹಾಕ್ಕಿಂತ ಮೊದಲು ಅವಳ ಪ್ರಶ್ನೆ: “ಕೆದರೇತೇನು?” ಕಾಕಾ ಹೋಗಿ ನೋಡಿ ಬಂದು, ಇಲ್ಲ ಎನ್ನುತ್ತಿದ್ದ. ಮಳೆಗಾಲ ಕಳೆಯಿತು, ಜಾಲಿ ಒಣಗಿ ಪುಡಿಯಾಯಿತು. ಯಾರೂ ಕೆದರಲಿಲ್ಲ.

ಕೊನೆಗೊಮ್ಮೆ, ನಾನು ರಜೆಗೆ ಬಂದಿದ್ದಾಗ, ಕಾಕಾನಿಗೆ ರೇಗಿತು. “ಎಲ್ಲೈತವ್ವಾ ನಿನ್ನ ತರಕರಡಿ? ಗುಡ್ಡದಾಗ ಮದ್ದು ಹಾರ್ಸೋ ಸಪ್ಪಳಕ್ಕ ಇದ್ದಬದ್ದ ಜೀವ ಎಲ್ಲಾ ಗುಳೆ ಹೋಗ್ಯಾವು. ಅಪ್ಪನ್ನ ತಿನ್ನಾಕ ಯಾವ್ದೂ ಬರಂಗಿಲ್ಲ. ಸಮಾಧಾನ ಆತೇನು?”

ಆಗಬೇಕಿತ್ತು. ಅಜ್ಜಿಯ ಮುಖ ಮಾತ್ರ ಮನೆಯವರೇ ಯಾರೋ ಹೋದ ಸುದ್ದಿ ಕೇಳಿದವರ ಹಾಗೆ ಇಳಿದುಹೋಯಿತು. ಊಟಕ್ಕೂ ಏಳಲಿಲ್ಲ. ನಾನು ಪಕ್ಕದಲ್ಲಿ ಕೂತೆ. “ಆ ಕನ್ನಡಕದ ಕಥಿ ಇನ್ನೊಮ್ಮೆ ಹೇಳು” ಎಂದಳು. ಹೇಳಿದೆ. ಈ ಸಲ ನಗಲಿಲ್ಲ. ಕಷಾಯ ಕೊಡುವ ಜಾಗದಲ್ಲಿ, “ಯಾರ್ ಬಂದ್ರೂ ಕೊಡ್ತತೇನು?” ಎಂದು ಕೇಳಿದಳು.

ಮುಂದಿನ ಸಲ ಹೋದಾಗ ತನ್ನ ಕಥೆಯ ಕೊನೆಯನ್ನು ಬದಲಿಸಿ ಇಟ್ಟಿದ್ದಳು. ತರಕರಡಿ ಎಂದಿನಂತೆ ವಲ್ಲಿ ಹೊದ್ದು ಸಾವಿನ ಮನೆಗೆ ಬರುತ್ತಾನೆ. ನೋಡಿದರೆ ಅವನು ಕೂತು ಅಳುವ ಜಾಗದಲ್ಲಿ ಇನ್ಯಾರೋ ಕೂತಿದ್ದಾನೆ. ಅವನಿಗಿಂತ ಬೆಳ್ಳಗಿದ್ದಾನೆ, ಅವನಿಗಿಂತ ಜೋರಾಗಿ ಅಳುತ್ತಿದ್ದಾನೆ. ತರಕರಡಿಗೆ ನಾಚಿಕೆಯಾಗುತ್ತದೆ. ಗೋರಿಯ ಹತ್ತಿರ ಹೋಗುತ್ತಾನೆ. ಕಲ್ಲೂ ಇಲ್ಲ, ಮುಳ್ಳೂ ಇಲ್ಲ. ತನ್ನ ವಲ್ಲಿ ತೆಗೆದು ಅದರ ಮೇಲೆ ಹೊದಿಸಿ, ಬರಿಮೈಯಲ್ಲಿ ಗುಡ್ಡ ದಾಟಿ ಹೋಗಿಬಿಡುತ್ತಾನೆ.

“ಕನ್ನಡಕ ಇತ್ತೇನಜ್ಜಿ?” ಎಂದು ಚುಡಾಯಿಸಿದೆ.

“ಇತ್ತು. ಕಣ್ಣೀರಿಗೆ ಮಬ್ಬಾಗಿತ್ತು. ಒರಿಸ್ಕೊಂಡು ಹೋದ.”

ನಾನು ನಗಲೆಂದೇ ಬಾಯಿ ತೆರೆದಿದ್ದೆ. ನಗು ಬರಲಿಲ್ಲ. ಕಥೆಯ ಕೆಟ್ಟವನ ಕೆಲಸಕ್ಕೆ ಬೇರೆಯವರು ಬಂದು ಕೂತಮೇಲೆ ಪಾಪ ಅವನಾದರೂ ಏನು ಮಾಡಿಯಾನು, ಒಳ್ಳೆಯವನಾಗದೆ?

ಒಂದು ದಿನ ಕೋರ್ಟಿನ ಆದೇಶ ಬಂದು ಗಣಿಗಳು ನಿಂತವು. ಲಾರಿಗಳು ಎಲ್ಲಿದ್ದವೋ ಅಲ್ಲೇ ತುಕ್ಕು ಹಿಡಿದವು. ನಮ್ಮ ಶಾಲೆಯ ಯೂನಿಫಾರ್ಮು ಸಂಜೆಗೂ ಬಿಳಿಯಾಗಿ ಉಳಿಯತೊಡಗಿತು. ತೆಗ್ಗು ಮುಚ್ಚಿಸಿಕೊಡುತ್ತೇನೆಂದಿದ್ದ ಏಜೆಂಟನ ಫೋನು ಸ್ವಿಚ್ ಆಫ್. ಕಾಕಾನೇ ಟ್ರ್ಯಾಕ್ಟರ್ ಮಾಡಿಕೊಂಡು ಕಂಪ್ಲಿಯ ಕಡೆಯಿಂದ ಹೊಳೆಯ ಮೆಕ್ಕಲು ಮಣ್ಣು ತರಿಸಿ, ಅಜ್ಜನ ಮಗ್ಗುಲಿನ ಗುಂಡಿ ತುಂಬಿಸಿದ. ಸಲಿಕೆಯಿಂದ ತಾನೇ ಸಮ ಮಾಡಿದ. ಅಜ್ಜಿಯ ತವರು ಕಂಪ್ಲಿ. ಅವಳು ಒಂದು ಹಿಡಿ ಎತ್ತಿ ಮೂಸಿ ನೋಡಿ, “ತವರ ಮಣ್ಣು. ಭಾಳ ಮೆತ್ತಗೈತಿ” ಎಂದಳು. ಆಮೇಲೆ ಮಗನಿಗೆ ಗಟ್ಟಿಯಾಗಿ ಹೇಳಿದಳು: “ನನ್ನ ಮ್ಯಾಲ ಕಲ್ಲು ಹೇರಬ್ಯಾಡ. ಮುಳ್ಳೂ ಬ್ಯಾಡ.”

“ಯಾಕವ್ವಾ?”

“ಅವ ವಾಪಸ್ ಬಂದ್ರ, ನಾ ಅಂಜೀನಿ ಅನ್ಕೊಂಡಾನು.”

ಅದೇ ಚಳಿಗಾಲದಲ್ಲಿ ಅವಳು ಹೋದಳು. ಹಿಡಿದಿದ್ದ ಸೀಟು ಸಿಕ್ಕಿತು. ಅಜ್ಜನ ಮಗ್ಗುಲಲ್ಲೇ ಕೂರಿಸಿದೆವು. ಊರ ಹಿರಿಯರು ಕಲ್ಲು ತರಲು ಹೊರಟರು. ಕಾಕಾ ಅಡ್ಡ ನಿಂತು, ಬೇಡ ಎಂದ. ಅಂದು ನಮ್ಮ ಮನೆಯಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಬಂದು ಅತ್ತವರು ಒಬ್ಬರೂ ಇರಲಿಲ್ಲ. ಅತ್ತವರೆಲ್ಲ ಮನೆಯವರೇ.

ಈಗಲೂ ವಡ್ಡುವಿಗೆ ಹೋದಾಗ ಮೊದಲು ಹೊಲಕ್ಕೆ ಹೋಗುತ್ತೇನೆ. ಕಂಪ್ಲಿಯ ಮಣ್ಣು ಇನ್ನೂ ಮೆತ್ತಗಿದೆ, ಬರಿಗೈಯಲ್ಲಿ ತೋಡಬಹುದು. ಬಗ್ಗಿ ಸುತ್ತಲೂ ಉಗುರಿನ ಗುರುತು ಹುಡುಕುತ್ತೇನೆ. ಹೂತ ಅಜ್ಜಿಯ ಮೇಲೆ ತರಕರಡಿ ಕೆದರಿದ ಗುರುತು ಸಿಗಲಿ ಎಂದು ಆಸೆಪಡುವ ಮೊಮ್ಮಗಳು ನಾನೊಬ್ಬಳೇ ಇರಬೇಕು. ಒಂದು ಗೀರೂ ಇಲ್ಲ, ಅಜ್ಜಿ. ಅವನು ಇನ್ನೂ ಬಂದಿಲ್ಲ.