ಟಿವಿಗೆ ಹೊದಿಸಿದ ಕೌದಿ

ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ನಡೆದರೆ ಪರದೆ ಬಟ್ಟೆಯ ಒಂದು ಅಂಗಡಿ ಸಿಗುತ್ತದೆ. ನಲವತ್ತು ವರ್ಷ ಅಲ್ಲಿ ಮೀಟರ್ ಕೋಲು ಹಿಡಿದು ನಿಂತವರು ಚಂದ್ರಶೇಖರಪ್ಪನವರು. ಈಗ ಅಂಗಡಿಯನ್ನು ಸೊಸೆ ಶಿಲ್ಪಾ ನೋಡಿಕೊಳ್ಳುತ್ತಾಳೆ. ಮೇಲಿನ ಅಂತಸ್ತೇ ಮನೆ. ಅಲ್ಲಿಯ ಮುಂದಿನ ಕೋಣೆಯಲ್ಲಿ ಎರಡು ಮರದ ಸ್ಪೀಕರ್, ಒಂದು ಕ್ಯಾಸೆಟ್ ಪ್ಲೇಯರ್, ಒಂದು ಬೆತ್ತದ ಕುರ್ಚಿ. ಮುಂಜಾನೆ ಪೂಜೆ ಮುಗಿಸಿ ಆ ಕುರ್ಚಿಯಲ್ಲಿ ಕುಳಿತು ಒಂದು ತಾಸು ಹಾಡು ಕೇಳದಿದ್ದರೆ ಅವರಿಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ.

ಕಪಾಟಿನ ತುಂಬ ಕ್ಯಾಸೆಟ್‌ಗಳಿದ್ದರೂ ಅವರ ಜೀವವಿದ್ದದ್ದು ಒಂದರಲ್ಲಿ. ಬನವಾಸಿಯಲ್ಲಿರುವ ಅಕ್ಕ ಮುರಿಗೆವ್ವ ಹಾಡಿದ ತತ್ವಪದಗಳ ಕ್ಯಾಸೆಟ್ ಅದು. ಮೂವತ್ತೈದು ವರ್ಷಗಳ ಹಿಂದೆ ಅಕ್ಕನನ್ನು ಅಡಿಗೆಮನೆಯಿಂದ ಎಬ್ಬಿಸಿಕೊಂಡು ಬಂದು, ಕೈಯೊರೆಸಿಕೊಳ್ಳಲೂ ಬಿಡದೆ ಹಾಡಿಸಿ ಅವರೇ ತುಂಬಿಸಿಕೊಂಡದ್ದು. ಈಗ ಆಕೆಗೆ ಎಪ್ಪತ್ತೆಂಟು. ದನಿ ನೂಲಿನಂತೆ ಸಣ್ಣಗಾಗಿದೆ. ಆದರೂ ತನ್ನ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಪದ ಕಲಿಸುತ್ತಿದ್ದಳು.

ಹೋದ ತಿಂಗಳು ಶಿರಸಿಗೆ ಬಂದಾಗ, ಎಷ್ಟೋ ವರ್ಷಗಳ ಮೇಲೆ, ಆ ಕ್ಯಾಸೆಟ್ ಕೇಳಿದಳು. ಒಂದು ಪದ ಮುಗಿಯುವ ಮೊದಲೇ ಎದ್ದು ನಿಂತಳು.

“ಬಂದ್ ಮಾಡೋ ಚಂದ್ರು. ತಗಡ ಬಡದಂಗ ಐತಿ.”

“ಅಕ್ಕಾ, ಅದು ನಿನ್ನ ದನೀನ.”

“ಅದಕ್ಕ ಹೇಳಾಕತ್ತೀನಿ. ಮಂದಿ ಪಾಪ, ನನ್ನ ಮಾರಿ ನೋಡಿ ಚಲೋ ಹಾಡ್ತಿ ಅಂತಿದ್ರು. ನಾನೂ ನಂಬಿದ್ದೆ ನೋಡು!”

ನಗುತ್ತಲೇ ಹೇಳಿದಳು. ಆದರೆ ಊರಿಗೆ ಹೋದವಳು ಹೆಣ್ಣುಮಕ್ಕಳಿಗೆ ಕಲಿಸುವುದನ್ನು ಬಿಟ್ಟಳೆಂದು ಸುದ್ದಿ ಬಂತು. ಚಂದ್ರಶೇಖರಪ್ಪನವರ ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ಆಕೆಯ ದನಿಯನ್ನು ಆಕೆಗೆ ಮರಳಿ ಕೇಳಿಸಬೇಕು. ಮುಂದಿನ ರವಿವಾರ ಹೋಳಿಗೆಯೂಟಕ್ಕೆ ಅಕ್ಕ ಬರುವವಳಿದ್ದಳು. ಅಷ್ಟರೊಳಗೆ!

ಮೊದಲು ಕ್ಯಾಸೆಟ್ ಪ್ಲೇಯರಿನ ಹೆಡ್ಡನ್ನು ಹತ್ತಿಯಿಂದ ಒರೆಸಿದರು. ವೈರುಗಳನ್ನು ಬಿಚ್ಚಿ ಮತ್ತೆ ಹಾಕಿದರು. ದಿನಾ ಕೇಳಿ ಒಗ್ಗಿದ್ದ ಅವರ ಕಿವಿಗೂ ಅಕ್ಕ ಹೇಳಿದ ಮೇಲೆ ತಗಡು ತಗಡೇ. ಸೋತು ಕುರ್ಚಿಯಲ್ಲಿ ಕುಳಿತು ಚಹಾಕ್ಕೆ ಕಾಯುತ್ತಿರುವಾಗ ಎದುರಿನ ಗೋಡೆ ನೋಡಿದರು. ಅಲ್ಲಿ, ಎರಡು ಸ್ಪೀಕರುಗಳ ನಟ್ಟನಡುವೆ, ಪತ್ನಿ ದಾಕ್ಷಾಯಿಣಿಯವರ ಹೊಸ ಟಿವಿ. ಹೋದ ತಿಂಗಳು ಅಕ್ಕ ಬರುವ ಎಂಟು ದಿನ ಮೊದಲಷ್ಟೇ ಬಂದದ್ದು, ಬಾಗಿಲಿನಷ್ಟು ಅಗಲ. ಆರಿಸಿದ್ದ ಅದರ ಕಪ್ಪು ಗಾಜಿನಲ್ಲಿ ಎರಡೂ ಸ್ಪೀಕರುಗಳ ಬೆನ್ನು ಸ್ಪಷ್ಟವಾಗಿ ಕಾಣುತ್ತಿತ್ತು.

ಅವರು ಎದ್ದು ಟಿವಿಯ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಹಿಂದೆಯೇ ಟಿಣ್ಣೆಂಬ ಸಣ್ಣ ಬಾಲವೊಂದು ಬಂತು. ಕಪಾಟಿನ ಮುಂದೆ ತಟ್ಟಿದರು, ಬಾಲವಿಲ್ಲ. ಕಣ್ಣಿಗೆ ಸ್ಪೀಕರನ್ನು ತೋರಿಸುವ ಗಾಜು ದನಿಯನ್ನೂ ಹಾಗೆಯೇ ತಿರುಗಿಸಿ ಕಿವಿಗೆ ಎಸೆಯುತ್ತದೆ. ನೇರ ಬಂದ ದನಿಯ ಬೆನ್ನಿಗೆ ಇನ್ನೊಂದು ದನಿ ಬಡಿಯುತ್ತದೆ ಎಂದು ಹೊಳೆಯಿತು.

“ಏನ್ರೀ, ನನ್ನ ಟಿವಿಗೆ ಶಾಬಾಸ್‌ಗಿರಿ ಕೊಡಾಕತ್ತೀರೇನು?” ಚಹಾ ತಂದ ದಾಕ್ಷಾಯಿಣಿಯವರು ಕೇಳಿದರು.

“ಇದನ್ನ ಒಳಗಿನ ಕೋಣ್ಯಾಗ...”

“ಮುಟ್ಟಿದ್ರ ನೋಡ್ರಿ!”

ಆ ಮಾತು ಅಲ್ಲಿಗೇ ಮುಗಿಯಿತು. ಸ್ಪೀಕರುಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದರು. ತುಸು ಮೃದುವಾಯಿತು, ಸಾಲಲಿಲ್ಲ. ಟಿವಿಯನ್ನು ಮುಚ್ಚುವುದೊಂದೇ ದಾರಿ. ಬಟ್ಟೆಯ ವಿಷಯದಲ್ಲಿ ಅವರಿಗೆ ಬೇರೆಯವರ ಬುದ್ಧಿ ಬೇಕಾಗಿರಲಿಲ್ಲ. ಬಿಸಿಲಿನ ಒಂದು ಎಳೆಯನ್ನೂ ಒಳಗೆ ಬಿಡದ, ಹಿಂದೆ ರಬ್ಬರಿನ ಲೇಪವಿರುವ ಪರದೆಯನ್ನು ಅಂಗಡಿಯಿಂದ ತಂದು, ಟಿವಿಯ ಮೇಲಿನ ಗೋಡೆಗೆ ಪರದೆಯ ಕೋಲು ಬಡಿದು, ಉಂಗುರ ಪೋಣಿಸಿ ಇಳಿಬಿಟ್ಟರು. ಬೆಳಕನ್ನೇ ತಡೆಯುವ ಬಟ್ಟೆ ದನಿಯನ್ನು ನುಂಗದೆ ಬಿಟ್ಟೀತೇ? ಕ್ಯಾಸೆಟ್ ಹಾಕಿದರು. ತಗಡಿನ ಮೇಲೆ ಈಗ ತಾಡಪತ್ರಿ ಹೊದಿಸಿದಂತಾಯಿತು, ಅಷ್ಟೇ.

ಸದ್ದು ಕೇಳಿ ಮೇಲೆ ಬಂದ ಶಿಲ್ಪಾ ಪರದೆಯ ಅಂಚನ್ನು ಬಾಯಿಗೆ ಹಿಡಿದು ಊದಿದಳು.

“ಮಾವಾರ, ಇದರಾಗ ಉಸಿರ ಆಡಂಗಿಲ್ಲ. ಉಸಿರ ಹೋಗಲಿಲ್ಲಂದ್ರ ದನಿ ಹ್ಯಾಂಗ ಒಳಗ ಹೋದೀತು? ಬಡದು ಹೊಳ್ಳಿ ಬರ್ತೈತಿ.”

ನಲವತ್ತು ವರ್ಷ ಬಟ್ಟೆ ಮಾರಿದವರು ಪರದೆಯನ್ನು ತಾವೂ ಒಮ್ಮೆ ಊದಿ ನೋಡಿದರು. ಆಮೇಲೆ ಮನೆಯ ಬಟ್ಟೆಗಳೆಲ್ಲ ಬಾಯಿಗೆ ಬಂದವು. ಸೋಫಾದ ಹೊದಿಕೆ, ಟವೆಲು, ಚಾದರ ಎಲ್ಲವನ್ನೂ ಊದಿದರು. ಟವೆಲಿನಲ್ಲಿ ಉಸಿರೇನೋ ಆಡಿತು, ಆದರೆ ದಪ್ಪವಿಲ್ಲ. ಕೊನೆಗೆ ಟ್ರಂಕಿನಲ್ಲಿ ಸಿಕ್ಕಿತು ಕೌದಿ: ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಹಾಸಿ ದಾಕ್ಷಾಯಿಣಿಯವರು ಕೈಯಿಂದ ಹೊಲಿದ, ಇನ್ನೂ ಯಾರೂ ಹೊದೆಯದ ಹೊಸ ಕೌದಿ. ಒತ್ತಿ ಊದಿದರೆ ಉಸಿರು ಆಚೆ ಹೋಯಿತು. ಅದನ್ನು ಗಾಜಿಗೆ ತಾಗದಂತೆ ಒಂದು ಗೇಣು ಮುಂದೆ ತೂಗುಹಾಕಿದರು. ಚಪ್ಪಾಳೆ ತಟ್ಟಿದರೆ ಬಾಲವೇ ಇಲ್ಲ!

ರವಿವಾರ ಮುರಿಗೆವ್ವ ಬಂದಳು. ಕೋಣೆಯ ಹೊಸ್ತಿಲಲ್ಲೇ ನಿಂತಳು.

“ಹೊಸಾ ಕೌದಿ?”

“ಹೂಂ ಅಕ್ಕಾ.”

“ಯಾರು ಹೊದ್ದಾರ?”

ಚಂದ್ರಶೇಖರಪ್ಪನವರು ನಾಲಿಗೆ ಕಚ್ಚಿಕೊಂಡರು. ಹೊಸ ಕೌದಿಯನ್ನು ಮೊದಲು ಮನೆತನದ ಹಿರಿಯ ಹೆಣ್ಣುಮಗಳು ಹೊದೆಯಬೇಕು, ಆಮೇಲೆಯೇ ಬೇರೆಯವರು. ಅವರ ಮನೆತನದಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿ.

“ಟಿವಿ ಹೊದ್ದೈತ್ರಿ ಅಕ್ಕಾರ,” ಎಂದು ದಾಕ್ಷಾಯಿಣಿಯವರು ಒಳಗಿನಿಂದ ಚುಚ್ಚಿದರು. “ನಾ ಹೇಳೇನಿ, ಕೇಳಬೇಕಲ್ಲ!”

“ಅಂದ್ರ ಈ ಮನ್ಯಾಗ ನನಗಿಂತ ಹಿರೇರು ಟಿವಿಯವ್ವ! ಇಳಸೋ ಅದನ್ನ.”

ಕೌದಿ ಕೆಳಗಿಳಿಯಿತು. ಮುರಿಗೆವ್ವ ಅದನ್ನು ತಲೆಯ ತನಕ ಹೊದ್ದುಕೊಂಡು ಕುರ್ಚಿಯಲ್ಲಿ ಕುಳಿತಳು, ಮೂಗಷ್ಟೇ ಹೊರಗೆ. “ಹಾಕು ಈಗ, ಏನು ಕೇಳಸ್ತಿ ಕೇಳಸು.”

ಟಿವಿ ಬರಿಮೈಯಲ್ಲಿತ್ತು. “ಈಗ ಬ್ಯಾಡ ಅಕ್ಕಾ, ಕೌದಿ ಟಿವಿ ಮುಂದ ಹಾಕಿದ ಮ್ಯಾಲ...” ಎಂದು ತಮ್ಮ ಬೇಡಿಕೊಂಡರೂ ಆಕೆ ಬಿಡಲಿಲ್ಲ. ಅವರು ಅಂಜುತ್ತಲೇ ಗುಂಡಿ ಒತ್ತಿದರು. ಕೌದಿಯನ್ನು ಕಿವಿಯಿಂದ ಸರಿಸಿ ಎರಡು ಸಾಲು ಕೇಳಿದ ಮುರಿಗೆವ್ವನ ಮುಖ ಬಾಡಿತು.

“ಅದ ತಗಡು. ಇಷ್ಟಕ್ಕ ಕರಿಸಿದೇನು?”

ಚಂದ್ರಶೇಖರಪ್ಪನವರು ಕ್ಯಾಸೆಟ್ ನಿಲ್ಲಿಸಿದರು. ಅಕ್ಕನ ಹೆಗಲಿನಿಂದ ಕೌದಿಯನ್ನು ತೆಗೆದು, ಮತ್ತೆ ಉಂಗುರಗಳಿಗೆ ಸಿಕ್ಕಿಸಿ, ಟಿವಿಯ ಮುಂದೆ ಎಳೆದರು. ಅದೇ ಕ್ಯಾಸೆಟ್, ಅದೇ ಪದ, ಮೊದಲಿನಿಂದ.

ಈ ಸಲ ಎರಡು ಸ್ಪೀಕರುಗಳ ನಡುವೆ ಒಬ್ಬಳು ಹೆಣ್ಣುಮಗಳು ನೆಲದ ಮೇಲೆ ಕುಳಿತು ಹಾಡತೊಡಗಿದಳು. ಏಕತಾರಿಯ ತಂತಿ ಒಂದು ಕಡೆ, ದನಿ ಒಂದು ಕಡೆ. ಸಾಲಿನ ತುದಿಯಲ್ಲಿ ಎಳೆದ ಉಸಿರೂ ಕೇಳುತ್ತಿತ್ತು. ಮುರಿಗೆವ್ವ ಕುರ್ಚಿಯ ತುದಿಗೆ ಬಂದಳು. ಎದ್ದು ಹೋಗಿ ಕೌದಿಯನ್ನು ಸರಿಸಿದಳು: ತಗಡು. ಎಳೆದಳು: ಹೆಣ್ಣುಮಗಳು. ಮತ್ತೆ ಸರಿಸಿದಳು, ಮತ್ತೆ ಎಳೆದಳು.

“ಹಂಗಾರ ಆವತ್ತ ಒದರಿದಾಕಿ ನಾನಲ್ಲ. ಈ ಟಿವಿಯವ್ವ!”

“ಅದನ್ನ ಹೇಳಾಕ ಒಂದ ವಾರದಿಂದ ಒದ್ದಾಡೀನಿ ಅಕ್ಕಾ.”

“ಬಾಯಿ ಮುಚ್ಚು, ಕೇಳಾಕ ಬಿಡು.” ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕಿದಳು. ಮೂರನೆಯ ಪದದ ನಡುವೆ ತಟ್ಟನೆ ಕೈಯೆತ್ತಿದಳು. “ಇಲ್ಲಿ ಉಸಿರು ತಪ್ಪಿಸೀನಿ. ನಮ್ಮ ಹುಡುಗ್ಯಾರು ಇದನ್ನ ಹಿಂಗ ಕಲತರ ಕೆಟ್ಟಿತು. ಹಿಂದಕ ತಿರುವು.”

ಅಡಿಗೆಮನೆಯಲ್ಲಿ ಹೋಳಿಗೆ ಆರುತ್ತಿತ್ತು. ದಾಕ್ಷಾಯಿಣಿಯವರು ಎರಡು ಸಲ ಕರೆದರು. ಮೂರನೆಯ ಸಲ ಕರೆಯಲು ಬಂದವರು, ಮುರಿಗೆವ್ವ ತನ್ನ ನೂಲಿನಂಥ ದನಿಯಲ್ಲಿ ಆ ಸಾಲನ್ನು ಸರಿಯಾಗಿ ಹಾಡುತ್ತಿರುವುದನ್ನು ಕೇಳಿ ಬಾಗಿಲಲ್ಲೇ ಕುಳಿತರು.