ಆಪರೇಟಿಂಗ್ ಸಿಸ್ಟಮ್ಮೂ ದೊಡ್ಡಮ್ಮನ ಹಾಡೂ

ತಿರುಪ್ಪೂರಿನ ಕಡೆ ನೇಯ್ದು ಬದುಕುವ ಕನ್ನಡದವರಾದ ನಮ್ಮ ಮನೆಯಲ್ಲಿ ಇಬ್ಬರಿಗೆ ಎದುರಾಡುವಂತಿಲ್ಲ. ಒಬ್ಬ ಮಗಳ ಗಂಡ, ಇನ್ನೊಬ್ಬ ಹೆಂಡತಿಯ ತಮ್ಮ. ಇಬ್ಬರ ಜ್ಞಾನವೂ ಬೇರೆ ಬೇರೆ ವಿಷಯಗಳಲ್ಲಿದ್ದುದರಿಂದ ನಾನು ಇಷ್ಟು ಕಾಲ ಉಳಿದುಕೊಂಡಿದ್ದೆ. ಮನೆಗೊಂದು ಮೀಡಿಯಾ ಸರ್ವರ್ ಮಾಡೋಣವೆಂದು ಬಾಯಿಬಿಟ್ಟ ದಿನ ಇಬ್ಬರಿಗೂ ಒಂದೇ ವಿಷಯದಲ್ಲಿ ಜ್ಞಾನೋದಯವಾಯಿತು.

ಸರ್ವರ್ ಎಂದರೆ ಮಗ್ಗದ ಶೆಡ್ಡಿನಲ್ಲಿದ್ದ ಹಳೇ ಕಂಪ್ಯೂಟರು. ಹೊಟ್ಟೆಯೊಳಗೆ ಹತ್ತಿಯ ನವಿರು, ಫ್ಯಾನಿಗೆ ಆಯುಧಪೂಜೆಯ ಕುಂಕುಮ. ಅದನ್ನು ಹಾಲಿಗೆ ತಂದು, ಅದರಲ್ಲಿರುವ ವಿಡಿಯೊಗಳನ್ನು ಟಿವಿಯಲ್ಲಿ ನೋಡಬೇಕು. ನಿಜಕ್ಕೂ ಬೇಕಿದ್ದುದು ಅಮ್ಮನಿಗೆ, ಅದೂ ಒಂದೇ: ನನ್ನ ಮದುವೆಯದು. ಹೋದ ವರ್ಷ ತೀರಿಕೊಂಡ ದೊಡ್ಡಮ್ಮ, ಅಮ್ಮನ ಅಕ್ಕ, ಅದರಲ್ಲಿ ಬೀಗರನ್ನು ಹಂಗಿಸಿ ಹಾಡುತ್ತಾಳೆ. ಅವಳ ದನಿ ಬೇರೆಲ್ಲೂ ಇಲ್ಲ. ಕ್ಯಾಸೆಟ್ಟು ಬೂಷ್ಟು ಹಿಡಿಯುವ ಮೊದಲು ಗಾಂಧಿಪುರಂನಲ್ಲಿ ಕಾಪಿ ಮಾಡಿಸಿ ಆ ಕಂಪ್ಯೂಟರಿಗೆ ಹಾಕಿಸಿದ್ದೆ. ಶೆಡ್ಡಿನ ಮೆಟ್ಟಿಲು ಹತ್ತಲು ಅಮ್ಮನ ಮಂಡಿ ಒಪ್ಪುತ್ತಿರಲಿಲ್ಲ.

ಭಾನುವಾರ ತಜ್ಞರಿಬ್ಬರೂ ಬಂದಿಳಿದರು. ಗಣಪತಿ ಎಂಬ ಬಡಾವಣೆಯಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟಿರುವ ಭಾವಮೈದುನ ಕಾಫಿಗೂ ಕಾಯಲಿಲ್ಲ.

"ವಿಂಡೋಸ್ ಹಾಕು ಬಾವ. ಕೆಟ್ಟೋದ್ರೆ ಬೀದೀಲಿ ಹೋಗೋನೂ ಸರಿ ಮಾಡ್ತಾನೆ."

"ಅದು ಅಪ್ಡೇಟ್ ಅಂತ ಕೂತ್ಕೊಂಡ್ರೆ ಅಜ್ಜಿ ಬಾಯಿ ಬಿಟ್ಕೊಂಡು ನೋಡ್ಬೇಕಾ ಮಾವ?" ಎಂದ, ಮದುಕ್ಕರೈಯಿಂದ ಬಂದ ಅಳಿಯ. "ಲಿನಕ್ಸೇ ಸರಿ. ದುಡ್ಡಿಲ್ಲ, ವೈರಸ್ಸಿಲ್ಲ."

"ಕೆಟ್ರೆ ಕೇಳೋಕೆ ಆಳೂ ಇಲ್ಲ, ಮಾಪ್ಳೆ." ಅಳಿಯನನ್ನು ಭಾವಮೈದುನ ಕರೆಯುವುದು ತಮಿಳಿನಲ್ಲೇ.

ಒಂದು ಕಡೆಯಿಂದ ಮಗಳು, ಅಡುಗೆಮನೆಯ ಬಾಗಿಲಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಎರಡರಲ್ಲೂ ಪಾಯಿಂಟ್ ಇದೆ ಎಂದು ನಾನು ಗಂಭೀರವಾಗಿ ತೀರ್ಪು ಕೊಟ್ಟೆ. ಕೊನೆಗೆ ಎರಡನ್ನೂ ಹಾಕುವುದೆಂದಾಯಿತು; ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದಂತೆ. ಆ ಪಟ್ಟಿಯಲ್ಲಿ ಯಾವುದು ಮೇಲಿರಬೇಕೆಂಬುದಕ್ಕೆ, ಮದುವೆ ಪತ್ರಿಕೆಯಲ್ಲಿ ಹಿರಿಯರ ಹೆಸರು ಜೋಡಿಸುವಷ್ಟೇ ಹೊತ್ತು ಹಿಡಿಯಿತು.

ಇನ್‌ಸ್ಟಾಲ್ ಶುರುವಾಯಿತು. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿತು. ಅಳಿಯನ ಬೆರಳು ನಿಂತಿತು.

"ನೀವೇ ಒತ್ತುಂಗ," ಎಂದ.

"ಚೇ, ಮಾಪ್ಳೆ ಇರುವಾಗ ನಾನಾ?"

ಅಂದು ಮೊದಲ ಬಾರಿಗೆ ಅವರು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟರು.

"ಅಳಿಸೋದು ಅಂದ್ರೆ ಏನು, ಕಣ್ಣು?" ಅಮ್ಮ ಮೊಮ್ಮಗಳ ಗಂಡನನ್ನು ಮುದ್ದಾಗಿ ಕರೆದು ಕುರ್ಚಿಯಿಂದಲೇ ಕೇಳಿದಳು. "ಅಕ್ಕ ಇರ್ತಾಳಾ, ಹೋಗ್ತಾಳಾ?"

ತಜ್ಞರು ಸೀಲಿಂಗ್ ನೋಡಿದರು.

"ಹಂಗಾರೆ ಅವಳನ್ನ ಮೊದ್ಲು ಬೇರೆ ಕಡೆ ಎತ್ತಿಡ್ರಪ್ಪ. ಆಮೇಲೆ ಹೊಡೆದಾಡ್ಕೊಳ್ಳಿ."

ಇನ್‌ಸ್ಟಾಲ್ ಕೈಬಿಟ್ಟು ವಿಡಿಯೊವನ್ನು ಪೆನ್ ಡ್ರೈವಿಗೆ ಇಳಿಸಿದರು. ಸರಿಯಾಗಿ ಬಂದಿದೆಯೇ ನೋಡಲು ಟಿವಿಗೆ ಸಿಕ್ಕಿಸಿದರು. ಟಿವಿ ಏನನ್ನೂ ಕೇಳದೆ ಓಡಿಸಿತು. ಇಷ್ಟೇ ಸಾಕಿತ್ತಲ್ಲ ಎಂದು ಯಾರೂ ಅನ್ನಲಿಲ್ಲ. ನಮ್ಮದು ಮರ್ಯಾದಸ್ಥರ ಮನೆ.

ದೊಡ್ಡಮ್ಮ ಸೆರಗು ಬಿಗಿದು ನಿಂತಿದ್ದಳು. ಹೆಣ್ಣಿನ ತಮ್ಮ ಮೂಲೆಯಲ್ಲಿ ಕೂತು ಲಾಡು ನುಂಗುವುದನ್ನು ರಾಗವಾಗಿ ಬಣ್ಣಿಸುತ್ತಿದ್ದಳು. ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಪಂಪ್ ಅಂಗಡಿಯ ಯಜಮಾನ ರಿಮೋಟು ಹುಡುಕಿದ. ಅಷ್ಟರಲ್ಲಿ ಪರದೆಯೊಳಗೆ, ತಲೆ ಇನ್ನೂ ಕಪ್ಪಿದ್ದ ಅಮ್ಮ ಓಡಿಬಂದು ಅಕ್ಕನ ಬಾಯಿಗೆ ಕೈ ಅಡ್ಡ ಹಿಡಿದಳು: "ಸಾಕು ಸುಮ್ನಿರಕ್ಕಾ, ಬೀಗರು ಬೇಜಾರು ಮಾಡ್ಕೋತಾರೆ."

ಹಾಡು ಅಲ್ಲಿಗೆ ನಿಂತಿತು.

"ಇವಳ್ಯಾಕೆ ಮಧ್ಯೆ ಬಂದ್ಲು?" ಕುರ್ಚಿಯ ಮೇಲಿದ್ದ ಅಮ್ಮ ಟಿವಿಯತ್ತ ಕೈ ಬೀಸಿ ರೇಗಿದಳು. "ಕೈ ತೆಗಿಯೇ, ಹಾಡ್ಲಿ!"