ನೋಡುವ ಮುಂಚೆ ಮುಂಗಡ

ಹಳೆಯ ಕಾರುಗಳ ದಲ್ಲಾಳಿಯ ಅಂಗಡಿಯಲ್ಲಿ ಎರಡು ಕುರ್ಚಿ, ಒಂದು ಫ್ಯಾನು, ಗೋಡೆ ತುಂಬ ಕಾರುಗಳ ಫೋಟೊಗಳಿವೆ. ಇಲ್ಲದಿರುವುದು ಕಾರು ಮಾತ್ರ. ಅವನು ಮಾರುವ ಗಾಡಿಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ, ಅದೂ ಮನೆಯಿಂದ ಕ್ಲಿನಿಕ್ಕಿಗೆ ಮಾತ್ರ. ಹಾಗಿದ್ದರೆ ಊರಿನಲ್ಲಿ ರೋಗಿಗಳಿಗಿಂತ ಡಾಕ್ಟರುಗಳೇ ಹೆಚ್ಚಿರಬೇಕು. ಗಾಡಿ ತೋರಿಸಪ್ಪಾ ಎಂದರೆ ಸಾಕು, ಅವನಿಗೆ ಅವಮಾನವಾಗುತ್ತದೆ. “ನೋಡಿದ್ಮೇಲೆ ಯಾರ್ ಬೇಕಾದ್ರೂ ಅಡ್ವಾನ್ಸ್ ಕೊಡ್ತಾರೆ ಸಾರ್, ನಂಬಿಕೆ ಅನ್ನೋದು ಬೇಡ್ವಾ?” ಎಂದು ಎದೆ ಮುಟ್ಟಿಕೊಳ್ಳುತ್ತಾನೆ. ಈ ಮಾತಿಗೆ ಕರಗಿ, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರಿಗೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಸುರಿದು ಬಂದ ಜಾಣ ನಾನೇ. “ಬೆಂಡೆಕಾಯಿಯನ್ನೇ ತುದಿ ಮುರಿದು ನೋಡ್ದೆ ತಗೊಳ್ಳಲ್ಲ ನೀವು, ಕಾರಿಗೆ ಹೇಗ್ರೀ ಕೊಟ್ರಿ?” ಎಂದು ಹೆಂಡತಿ ಈಗಲೂ ದಿನಾ ಕೇಳುತ್ತಾಳೆ. ಆಮೇಲೆ ಹೋದಾಗಲೆಲ್ಲ ಕಾರು ತೊಳೆಯಲು ಹೋಗಿರುತ್ತದೆ, ಇಲ್ಲವೇ ಅದರ ಕೀ ಅವನ ಭಾವಮೈದುನನ ಜೇಬಿನಲ್ಲಿರುತ್ತದೆ. ಅಲ್ಲ, ಇಷ್ಟು ಸಲ ತೊಳೆದರೆ ಬಣ್ಣವಾದರೂ ಉಳಿದೀತೇ? ನಿನ್ನೆ ತಡೆಯಲಾರದೆ ಮೇಜು ಗುದ್ದಿ, “ದುಡ್ಡು ವಾಪಸ್ ಕೊಡ್ತೀಯೋ, ಪೊಲೀಸರನ್ನ ಕರೀಲೋ?” ಎಂದು ಕೂಗಿದೆ. ಮೊದಲ ಬಾರಿಗೆ ಅವನು ಎದೆ ಮುಟ್ಟಿಕೊಳ್ಳಲಿಲ್ಲ, ತಲೆ ತಗ್ಗಿಸಿದ. “ನಿಮ್ಮ ದುಡ್ಡಿಗೆ ನಂದೂ ಸೇರಿಸಿ ಪಕ್ಕದೂರಿನ ದಲ್ಲಾಳಿಗೆ ಕೊಟ್ಬಿಟ್ಟಿದೀನಿ ಸಾರ್. ಅವನು ಫೋನೇ ಎತ್ತುತ್ತಿಲ್ಲ. ಗಾಡಿ ನಾನೂ ನೋಡಿಲ್ಲ” ಎಂದವನು, ಮತ್ತೆ ಕಣ್ಣರಳಿಸಿ ನನ್ನನ್ನೇ ಸಮಾಧಾನಪಡಿಸಿದ: “ಆದ್ರೆ ಡಾಕ್ಟರ್ ಗಾಡಿಯಂತೆ ಸಾರ್!”